ಆಹಾರ ಅಲರ್ಜಿ ಇರುವ ಒಂದರಿಂದ ಮೂರು ವರ್ಷದ ಮಕ್ಕಳಿಗೆ ಸಾಕಷ್ಟು ಕೊಬ್ಬಿನಂಶ ಒದಗಿಸುವ ಬಗ್ಗೆ ಪೋಷಕರಿಗೆ ಮಾಹಿತಿ

ಉಗಾರ ಖುರ್ದ ಹಾಗೂ ಸುತ್ತಲಿನ ಕಾಗವಾಡ, ಅಥಣಿ, ರಾಯಬಾಗ, ಚಿಕ್ಕೋಡಿ ಮತ್ತು ನಿಪ್ಪಾಣಿ ಭಾಗದ ಮನೆಗಳಲ್ಲಿ ಚಿಕ್ಕ ಮಕ್ಕಳಿಗೆ ಕೊಬ್ಬಿನಂಶ ದೊರೆಯುವುದು ಮುಖ್ಯವಾಗಿ ಎಮ್ಮೆಯ ಹಾಲು, ಬೆಣ್ಣೆ, ತುಪ್ಪ ಮತ್ತು ಶೇಂಗಾದಿಂದ. ಮೊಟ್ಟೆ ಸೇವಿಸುವ ಕುಟುಂಬಗಳಲ್ಲಿ ಮೊಟ್ಟೆಯೂ ಸೇರುತ್ತದೆ. ಚಿಕ್ಕ ಮಕ್ಕಳಲ್ಲಿ ಅಲರ್ಜಿ ಉಂಟುಮಾಡುವ ಪ್ರಮುಖ ಆಹಾರಗಳೂ ಇವೇ ಆಗಿರುತ್ತವೆ. ವೈದ್ಯರ ಸಲಹೆಯಂತೆ ಇವುಗಳಲ್ಲಿ ಒಂದನ್ನು ನಿಲ್ಲಿಸಿದಾಗ ಮಗು ಅಪಾಯದಿಂದ ಪಾರಾಗುತ್ತದೆಯಾದರೂ ಅದರ ತಟ್ಟೆಯಿಂದ ಕೊಬ್ಬಿನಂಶವೂ ಜೊತೆಯಲ್ಲೇ ಹೊರಟುಹೋಗುತ್ತದೆ. ಅದನ್ನು ಬೇರೆ ಮೂಲದಿಂದ ತುಂಬಿಕೊಡದಿದ್ದಲ್ಲಿ ಮಗುವಿನ ತೂಕ ಏರುವುದು ನಿಂತುಹೋಗಬಹುದು. ಮೊಟ್ಟೆ ಸೇವಿಸದ ಜೈನ ಮತ್ತು ಲಿಂಗಾಯತ ಕುಟುಂಬಗಳ ಮಗುವಿಗೆ ಹಾಲು, ಶೇಂಗಾ ಎರಡೂ ಆಗದಿದ್ದರೆ ಈ ತೊಂದರೆ ಇನ್ನಷ್ಟು ಹೆಚ್ಚು.

ಕೊಬ್ಬಿನಂಶದ ಅಗತ್ಯ ಎಷ್ಟು?

ಈ ವಯಸ್ಸಿನ ಮಗುವಿನ ಹೊಟ್ಟೆ ಚಿಕ್ಕದು, ಬೆಳವಣಿಗೆ ಮಾತ್ರ ವೇಗವಾದುದು. ಒಂದು ಗ್ರಾಂ ಕೊಬ್ಬಿನಿಂದ 9 ಕಿಲೋ ಕ್ಯಾಲೊರಿ ಶಕ್ತಿ ದೊರೆತರೆ, ಒಂದು ಗ್ರಾಂ ಪಿಷ್ಟ ಅಥವಾ ಸಕ್ಕರೆಯಿಂದ ದೊರೆಯುವುದು 4 ಮಾತ್ರ. ಎ, ಡಿ, ಇ ಮತ್ತು ಕೆ ಜೀವಸತ್ವಗಳು ದೇಹಕ್ಕೆ ಸೇರುವುದಕ್ಕೂ ಕೊಬ್ಬು ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಾಗೂ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸ್ಸಿನಂತೆ ಒಂದರಿಂದ ಮೂರು ವರ್ಷದ ಮಗುವಿಗೆ ಎಣ್ಣೆ, ತುಪ್ಪ ಮುಂತಾದ ಕಣ್ಣಿಗೆ ಕಾಣುವ ಕೊಬ್ಬು ದಿನಕ್ಕೆ ಸುಮಾರು 25 ಗ್ರಾಂ ಬೇಕು. ಇದು ಐದರಿಂದ ಆರು ಚಹಾ ಚಮಚದಷ್ಟಾಗುತ್ತದೆ. ಹಾಲು, ಕಾಳುಗಳಲ್ಲಿ ಅಡಗಿರುವ ಕೊಬ್ಬು ಈ ಲೆಕ್ಕದಿಂದ ಹೊರಗೆ.

200 ಮಿ.ಲೀ. ಎಮ್ಮೆಯ ಹಾಲಿನಲ್ಲಿ ಸುಮಾರು 13 ಗ್ರಾಂ, 20 ಗ್ರಾಂ ಶೇಂಗಾದಲ್ಲಿ ಸುಮಾರು 8 ಗ್ರಾಂ, ಒಂದು ಮೊಟ್ಟೆಯಲ್ಲಿ ಸುಮಾರು 5 ಗ್ರಾಂ ಕೊಬ್ಬು ಇರುತ್ತದೆ. ಒಂದು ಚಹಾ ಚಮಚ ಎಣ್ಣೆಯಲ್ಲಿ ಸುಮಾರು ನಾಲ್ಕೂವರೆ ಗ್ರಾಂ. ಅಂದರೆ ಒಂದು ಲೋಟ ಎಮ್ಮೆಯ ಹಾಲು ನಿಂತ ಮಗುವಿಗೆ ಕೊಬ್ಬಿನ ಮಟ್ಟಿಗೆ ಮೂರು ಚಮಚ ಎಣ್ಣೆ ಹೆಚ್ಚಿಗೆ ಸೇರಬೇಕಾಗುತ್ತದೆ. ಹಾಲಿನ ಪ್ರೋಟೀನು, ಸುಣ್ಣದಂಶ ಮತ್ತು ಬಿ-12 ಜೀವಸತ್ವ ಎಣ್ಣೆಯಿಂದ ದೊರೆಯುವುದಿಲ್ಲವಾದ್ದರಿಂದ ಅವುಗಳ ಬಗ್ಗೆ ವೈದ್ಯರನ್ನು ಪ್ರತ್ಯೇಕವಾಗಿ ಕೇಳಿ ತಿಳಿದುಕೊಳ್ಳತಕ್ಕದ್ದು. ಎದೆಹಾಲನ್ನು ಎರಡು ವರ್ಷ ಹಾಗೂ ಅದಕ್ಕೂ ಮೀರಿ ಮುಂದುವರಿಸುವುದು ಈ ಮಕ್ಕಳಿಗೆ ವಿಶೇಷ ಉಪಕಾರಿ.

ಸಾಮಾನ್ಯವಾಗಿ ಕಂಡುಬರುವ ತಪ್ಪು ತಿಳಿವಳಿಕೆಗಳು

ಆಕಳ ಹಾಲು ಆಗದ ಮಗುವಿಗೆ ಎಮ್ಮೆಯ ಅಥವಾ ಆಡಿನ ಹಾಲು ಆಗುತ್ತದೆಂಬ ನಂಬಿಕೆ ಎಲ್ಲೆಡೆ ಇದೆ. ಇವುಗಳ ಪ್ರೋಟೀನುಗಳು ಬಹಳ ಹತ್ತಿರದವಾಗಿದ್ದು, ಹಾಲಿನ ಅಲರ್ಜಿಯುಳ್ಳ ಹೆಚ್ಚಿನ ಮಕ್ಕಳಿಗೆ ಇವೂ ಆಗುವುದಿಲ್ಲ. ಮೊಸರು, ಮಜ್ಜಿಗೆ, ಬೆಣ್ಣೆಗೂ ಇದೇ ಮಾತು ಅನ್ವಯಿಸುತ್ತದೆ. ತುಪ್ಪದಲ್ಲಿಯೂ ಹಾಲಿನ ಪ್ರೋಟೀನಿನ ಅಲ್ಪ ಅಂಶ ಉಳಿದಿರುವುದರಿಂದ ವೈದ್ಯರು ಒಪ್ಪದ ಹೊರತು ಹಾಕಕೂಡದು.

ಗಾಣದ ಎಣ್ಣೆಯ ವಿಷಯದಲ್ಲಿ ಹೆಚ್ಚಿನ ಎಚ್ಚರ ಅವಶ್ಯ. ಗಾಣದ ಶೇಂಗಾ ಎಣ್ಣೆ ಶುದ್ಧವೆಂಬುದು ನಿಜವಾದರೂ ಅದರಲ್ಲಿ ಶೇಂಗಾದ ಪ್ರೋಟೀನು ಉಳಿದಿರುತ್ತದೆ. ಶೇಂಗಾ ಅಲರ್ಜಿಯ ಮಗುವಿಗೆ ಅಪಾಯವಿರುವುದು ಅದರಿಂದಲೇ. ಒಂದೇ ಗಾಣದಲ್ಲಿ ಶೇಂಗಾ, ಎಳ್ಳು, ಕುಸುಬಿ ಎಲ್ಲವನ್ನೂ ಅರೆಯುವಲ್ಲಿ ಕುಸುಬಿ ಎಣ್ಣೆಯೂ ಸುರಕ್ಷಿತವೆನ್ನಲಾಗದು. ಇಂತಹ ಮಕ್ಕಳಿಗೆ ಮುಚ್ಚಿದ ಪೊಟ್ಟಣದ, ಸಂಸ್ಕರಿಸಿದ ಸೂರ್ಯಕಾಂತಿ, ಕುಸುಬಿ ಅಥವಾ ಸೋಯಾ ಎಣ್ಣೆ ಮೇಲು. ಸೋಯಾ ಅಲರ್ಜಿ ಇದ್ದಲ್ಲಿ ಸೋಯಾ ಎಣ್ಣೆಯ ಬಗ್ಗೆ ಮೊದಲು ವೈದ್ಯರನ್ನು ಕೇಳತಕ್ಕದ್ದು.

ಇನ್ನೊಂದೆಡೆ, ಮೈಮೇಲೆ ಒಮ್ಮೆ ಗಂಧೆ ಎದ್ದಿತೆಂದು ಪರೀಕ್ಷೆ ಮಾಡಿಸದೆ ಹಾಲು, ಶೇಂಗಾ, ಮೊಟ್ಟೆ ಎಲ್ಲವನ್ನೂ ಒಟ್ಟಿಗೆ ನಿಲ್ಲಿಸುವುದು ಸರಿಯಲ್ಲ. ಅಲರ್ಜಿಗಿಂತ ಈ ಅನುಮಾನದ ಪಥ್ಯದಿಂದಲೇ ಸೊರಗುವ ಮಕ್ಕಳುಂಟು.

ಎಣ್ಣೆಯನ್ನು ಸೇರಿಸುವ ಬಗೆ

ಮನೆಮಂದಿಗೆಲ್ಲ ಮಾಡಿದ ಸಾರು, ಪಲ್ಯಕ್ಕೆ ಹಾಕಿದ ಒಗ್ಗರಣೆಯಲ್ಲಿ ಮಗುವಿನ ಪಾಲಿಗೆ ಬರುವ ಎಣ್ಣೆ ತೀರ ಕಡಿಮೆ. ಆದ್ದರಿಂದ ಮಗುವಿನ ಬಟ್ಟಲಿಗೆ ಬಡಿಸಿದ ನಂತರ ಕಾಯಿಸಿ ಆರಿಸಿದ ಎಣ್ಣೆಯನ್ನು ಅಳೆದು ಬೆರೆಸಬೇಕು. ಜೋಳದ ನುಚ್ಚು, ಮೆತ್ತಗೆ ಬೇಯಿಸಿದ ಅನ್ನ ಹೆಸರುಬೇಳೆ, ಸಾರಿನಲ್ಲಿ ನೆನೆಸಿ ಹಿಸುಕಿದ ರೊಟ್ಟಿ, ಬೆಲ್ಲದ ಗೋಧಿ ಹುಗ್ಗಿ, ಯಾವುದಾದರೂ ಆದೀತು. ಮೊದಲು ಊಟಕ್ಕೆ ಅರ್ಧ ಚಮಚ, ಮಗುವಿಗೆ ಒಗ್ಗಿದಂತೆ ಒಂದು, ಒಂದೂವರೆ ಚಮಚ. ದಿನದ ನಾಲ್ಕೈದು ಸಲದ ಊಟದಲ್ಲಿ ಹಂಚಿದರೆ ಲೆಕ್ಕ ಕೂಡಿಬರುತ್ತದೆ. ಸೊಪ್ಪು, ಗಜ್ಜರಿಗಳನ್ನು ಎಣ್ಣೆಯೊಂದಿಗೆ ಕೊಟ್ಟರೆ ಎ ಜೀವಸತ್ವ ಚೆನ್ನಾಗಿ ದಕ್ಕುತ್ತದೆ.

ಒಮೆಗಾ-3 ಕೊಬ್ಬು ಸೂರ್ಯಕಾಂತಿ, ಕುಸುಬಿ ಎಣ್ಣೆಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಸೋಯಾ ಎಣ್ಣೆಯಲ್ಲಿ ಸ್ವಲ್ಪ, ಅಗಸಿಯಲ್ಲಿ ಹೇರಳವಾಗಿದೆ. ಹುರಿದು ನುಣ್ಣಗೆ ಪುಡಿ ಮಾಡಿದ ಅಗಸಿಯನ್ನು ಅರ್ಧ ಚಮಚದಷ್ಟು ಬೆರೆಸಬಹುದು. ಆದರೆ ಶೇಂಗಾ ಹಿಂಡಿ ಕುಟ್ಟಿದ ಒರಳಿನಲ್ಲಿ ಅಥವಾ ಮಿಕ್ಸರಿನಲ್ಲಿ ಪುಡಿ ಮಾಡಕೂಡದು. ಕೊಬ್ಬರಿಯ ತುರಿಯೂ ಆದೀತು. ಬೆಣ್ಣೆಹಣ್ಣಿನ ಪ್ರಸ್ತಾಪ ಈಚೆಗೆ ಬಹಳ ಕೇಳಿಬರುತ್ತದೆ. ದುಬಾರಿಯಾದ ಆ ಹಣ್ಣಿಲ್ಲದೆಯೂ ಮಗು ಚೆನ್ನಾಗಿ ಬೆಳೆಯುತ್ತದೆ. ವನಸ್ಪತಿ ಮತ್ತು ಭಜಿ ಕರಿದು ಉಳಿದ ಎಣ್ಣೆಯನ್ನು ಬಳಸಬಾರದು.

ಹೊರಗಿನ ತಿನಿಸುಗಳು

2020ರ ಆಹಾರ ಲೇಬಲ್ ನಿಯಮಗಳಂತೆ ಪೊಟ್ಟಣದ ಆಹಾರದಲ್ಲಿ ಹಾಲು, ಮೊಟ್ಟೆ, ಶೇಂಗಾ, ಸೋಯಾ, ಗೋಧಿ ಮುಂತಾದವು ಇದ್ದರೆ ಅಲರ್ಜಿಕಾರಕವೆಂದು ನಮೂದಿಸುವುದು ಕಡ್ಡಾಯ. ಎಳ್ಳು ಈ ಪಟ್ಟಿಯಲ್ಲಿಲ್ಲ. ಆದುದರಿಂದ ಎಳ್ಳಿನ ಅಲರ್ಜಿ ಇರುವವರು ಪದಾರ್ಥಗಳ ಪೂರ್ಣ ಪಟ್ಟಿಯನ್ನು ಓದಬೇಕು. ಸಂಕ್ರಾಂತಿಯಂದು ಮನೆಮನೆಯಿಂದ ಬರುವ ಎಳ್ಳುಬೆಲ್ಲಕ್ಕೆ ಲೇಬಲ್ಲೇ ಇರುವುದಿಲ್ಲ. ಎಣ್ಣೆಗಾಯಿ, ಪಲ್ಯಗಳಲ್ಲಿ ಶೇಂಗಾ ಪುಡಿ ಕಣ್ಣಿಗೆ ಕಾಣದಂತೆ ಸೇರಿರುತ್ತದೆ ಎಂಬುದನ್ನು ನೆರೆಹೊರೆಯವರಿಗೂ ತಿಳಿಸಿಡುವುದು ಒಳ್ಳೆಯದು.

ಅಂಗನವಾಡಿ ಸೇವೆ ಪಡೆಯುವವರ ಗಮನಕ್ಕೆ

ಪೂರಕ ಪೌಷ್ಟಿಕ ಆಹಾರವು ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ, 2013ರ ಅನ್ವಯ ಆರು ತಿಂಗಳಿನಿಂದ ಆರು ವರ್ಷದವರೆಗಿನ ಮಕ್ಕಳ ಹಕ್ಕಾಗಿರುತ್ತದೆ. ಒಂದು ಪದಾರ್ಥ ಆಗುವುದಿಲ್ಲವೆಂಬ ಕಾರಣಕ್ಕೆ ಮಗುವಿನ ನೋಂದಣಿಯನ್ನು ಪೋಷಕರು ಕೈಬಿಡಬಾರದು. ತೂಕ ನೋಡುವುದು, ಬೆಳವಣಿಗೆ ನಕ್ಷೆ ಬರೆಯುವುದು ಈ ಮಕ್ಕಳಿಗೇ ಹೆಚ್ಚು ಅಗತ್ಯ. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ ಯೋಜನೆಯ ಹಾಲು ಹಾಲಿನ ಪುಡಿಯಿಂದ ತಯಾರಾಗುವುದಾದರೂ ಅಲರ್ಜಿಯ ದೃಷ್ಟಿಯಿಂದ ಹಾಲೇ ಆಗಿರುತ್ತದೆ.

ಮಗುವಿಗೆ ಯಾವುದನ್ನು ಕೊಡಕೂಡದು ಎಂಬುದನ್ನು ಕನ್ನಡದಲ್ಲಿ ಬರೆದು, ವೈದ್ಯರ ಚೀಟಿಯ ಪ್ರತಿಯೊಂದಿಗೆ ಅಂಗನವಾಡಿ ಕಾರ್ಯಕರ್ತೆಯವರಿಗೆ ನೀಡತಕ್ಕದ್ದು. ಈ ಭಾಗದ ಹಲವರು ಮಿರಜಿನಲ್ಲಿ ಚಿಕಿತ್ಸೆ ಪಡೆಯುವುದರಿಂದ ಚೀಟಿಗಳು ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಇರುತ್ತವೆ; ಅಡುಗೆ ಮಾಡುವ ಸಹಾಯಕಿಯವರಿಗೂ ಓದಿ ಹೇಳುವಂತಿರಬೇಕು. ತಾಯಿ ಕಾರ್ಡಿನಲ್ಲಿಯೂ ಬರೆಯಿಸಿಕೊಳ್ಳುವುದು ಸೂಕ್ತ. ಅಂಗನವಾಡಿ ಮಟ್ಟದಲ್ಲಿ ತೊಂದರೆ ಪರಿಹಾರವಾಗದಿದ್ದಲ್ಲಿ ಮೇಲ್ವಿಚಾರಕಿಯವರನ್ನು, ತದನಂತರ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳನ್ನು ಸಂಪರ್ಕಿಸಬಹುದಾಗಿದೆ.

ಎರಡು ತಿಂಗಳು ಸತತವಾಗಿ ತೂಕ ಏರದಿದ್ದರೆ ವೈದ್ಯರಿಗೆ ತೋರಿಸಬೇಕು. ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿರುವುದು ತೀವ್ರ ಅಪೌಷ್ಟಿಕತೆಯ ಲಕ್ಷಣ. ಅಂತಹ ಮಗುವನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸುವಾಗ ಹಾಲಿನ ಅಲರ್ಜಿಯನ್ನು ಮೊದಲೇ ಹೇಳತಕ್ಕದ್ದು. ಅಲ್ಲಿ ನೀಡಲಾಗುವ ಎಫ್-75, ಎಫ್-100 ಆಹಾರಗಳು ಹಾಲಿನಿಂದ ತಯಾರಾದವು.

ತುಟಿ, ನಾಲಿಗೆ ಬಾತುಕೊಳ್ಳುವುದು, ಉಸಿರಾಟದ ತೊಂದರೆ, ಮೇಲಿಂದ ಮೇಲೆ ವಾಂತಿ, ಮಂಪರು ಕಂಡುಬಂದರೆ ಮನೆಮದ್ದಿನಲ್ಲಿ ಸಮಯ ಕಳೆಯದೆ 108ಕ್ಕೆ ಕರೆ ಮಾಡಬೇಕು. ಹಾಲು, ಮೊಟ್ಟೆಯ ಅಲರ್ಜಿ ಅನೇಕ ಮಕ್ಕಳಲ್ಲಿ ಶಾಲೆ ಸೇರುವ ವೇಳೆಗೆ ಕಳೆಯುತ್ತದೆ. ಶೇಂಗಾದ್ದು ಅಷ್ಟು ಸುಲಭವಾಗಿ ಹೋಗದು. ನಿಲ್ಲಿಸಿದ ಆಹಾರವನ್ನು ಮತ್ತೆ ಕೊಟ್ಟು ನೋಡುವ ಪರೀಕ್ಷೆಯನ್ನು ಆಸ್ಪತ್ರೆಯಲ್ಲಿ ವೈದ್ಯರ ಸಮಕ್ಷಮದಲ್ಲಿ ಮಾತ್ರ ಮಾಡಿಸತಕ್ಕದ್ದು.