ಬಿಸಿಲು ಬೆಳೆಯಾದ ಬಗೆ

ನಮ್ಮ ನಾಡಿನಲ್ಲಿ ವಿದ್ಯುಚ್ಛಕ್ತಿಯ ಕಥೆ ನೀರಿನಿಂದ ಮೊದಲಾಗುತ್ತದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಶಿವನಸಮುದ್ರದ ಯೋಜನೆಯು 1902ರ ಜೂನ್ ತಿಂಗಳಲ್ಲಿ ಫಲಿಸಿ, ಕಾವೇರಿಯ ಶಕ್ತಿಯು ತಂತಿಯ ಮೇಲೆ ಸುಮಾರು 147 ಕಿಲೋಮೀಟರು ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದುವು. ಹಳ್ಳಿಗಳ ಸರದಿ ಬಂದದ್ದು ಬಹಳ ತಡವಾಗಿ.

1956ರಲ್ಲಿ ಕನ್ನಡಿಗರೆಲ್ಲ ಒಂದೇ ರಾಜ್ಯದವರಾದ ಮೇಲೆ, 1964ರಲ್ಲಿ ಶರಾವತಿಗೆ ಲಿಂಗನಮಕ್ಕಿಯ ಅಣೆಕಟ್ಟು ಸಿದ್ಧವಾಯಿತು. ನಾಡಿಗೆ ಬೆಳಕು ಬಂದಿತು. ಆದರೆ ಹಿನ್ನೀರಿನಲ್ಲಿ ಊರುಗಳೂ ಗದ್ದೆತೋಟಗಳೂ ಮುಳುಗಿದುವು. ಬೆಳಕಿನ ಬೆಲೆಯನ್ನು ಯಾರು ತೆತ್ತರೆಂಬ ಪ್ರಶ್ನೆಯನ್ನು ಮರೆತು ಈ ಚರಿತ್ರೆಯನ್ನು ಓದಲಾಗದು.

ಮಳೆ ಕೈಕೊಟ್ಟ ವರ್ಷ ಜಲಾಶಯಗಳು ಬರಿದಾಗಿ ದೀಪಗಳು ಮಂಕಾಗುತ್ತಿದ್ದುವು. ಆಗ ದೃಷ್ಟಿ ಬೇರೆಡೆಗೆ ಹೊರಳಿತು. ಈ ಶತಮಾನದ ಮೊದಲ ದಶಕದಲ್ಲಿ ಚಿತ್ರದುರ್ಗದ ಗುಡ್ಡಗಳ ಮೇಲೆಯೂ ಗದಗಿನ ಕಪ್ಪತಗುಡ್ಡದ ಸಾಲಿನಲ್ಲಿಯೂ ಗಾಳಿಯಂತ್ರಗಳು ಎದ್ದುನಿಂತುವು. ಸೂರ್ಯನ ಪಾಳಿ ಬಂದದ್ದು ಅನಂತರ. ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದುವು. 2009ರ ಸುಮಾರಿಗೆ ಅದೇ ಜಿಲ್ಲೆಯ ಯಳೇಸಂದ್ರದಲ್ಲಿ ಕರ್ನಾಟಕ ವಿದ್ಯುತ್ ನಿಗಮವು 3 ಮೆಗಾವ್ಯಾಟಿನ ಸೌರಸ್ಥಾವರವನ್ನು ಸ್ಥಾಪಿಸಿತು. ನೆಲದೊಳಗಿನ ಚಿನ್ನ ತೀರಿದ ಸೀಮೆಯಲ್ಲಿ ಜನರು ಆಕಾಶದ ಚಿನ್ನಕ್ಕೆ ಕೈಚಾಚಿದರು.

ಆದರೆ ಅದು ಆಗ ಶ್ರೀಮಂತರ ಸರಕು. ರಾಷ್ಟ್ರೀಯ ಸೌರ ಯೋಜನೆಯ ಮೊದಲ ಹರಾಜು ನಡೆದ 2010ರಲ್ಲಿ ಯೂನಿಟ್ಟಿನ ದರ ಸರಾಸರಿ 12 ರೂಪಾಯಿಯಷ್ಟಿತ್ತು. ಜಗತ್ತಿನಲ್ಲಿ, ಮುಖ್ಯವಾಗಿ ಚೀನಾದಲ್ಲಿ, ಫಲಕಗಳ ತಯಾರಿಕೆ ಹೆಚ್ಚಿ ಬೆಲೆ ಕುಸಿಯಿತು. ಹರಾಜಿನ ಪೈಪೋಟಿ ಅದನ್ನು ಇನ್ನೂ ಕೆಳಕ್ಕೆಳೆಯಿತು. 2017ರಲ್ಲಿ ಗಾಳಿಯ ವಿದ್ಯುತ್ತು ಹರಾಜಿನಲ್ಲಿ 3 ರೂಪಾಯಿ 46 ಪೈಸೆಗೆ ಇಳಿದರೆ, ಅದೇ ವರ್ಷ ರಾಜಸ್ಥಾನದ ಭಡ್ಲಾದಲ್ಲಿ ಬಿಸಿಲಿನದು 2 ರೂಪಾಯಿ 44 ಪೈಸೆಗೆ ಬಂದಿತು.

ಇವೆರಡೂ ಒಂದಕ್ಕೊಂದು ಪ್ರತಿಸ್ಪರ್ಧಿಗಳಲ್ಲ, ಜೊತೆಗಾರರು. ಮುಂಗಾರಿನ ಮೋಡ ಸೂರ್ಯನನ್ನು ಮರೆಮಾಡುವ ತಿಂಗಳುಗಳಲ್ಲಿಯೇ ಗಾಳಿ ಬಿರುಸಾಗಿ ಬೀಸುತ್ತದೆ. ಗಾಳಿ ಸೊರಗುವ ಬೇಸಗೆಯಲ್ಲಿ ಬಿಸಿಲು ಧಾರಾಳ. ಸೂರ್ಯ ಮುಳುಗಿದ ಮೇಲೆ ದೀಪ ಹೊತ್ತಿಸುವ ವೇಳೆಗೆ ಶರಾವತಿಯ ಕೂಡಿಟ್ಟ ನೀರು ನೆರವಿಗೆ ಬರುತ್ತದೆ.

ಇನ್ನು ಪಾವಗಡದ ಮಾತು. ತುಮಕೂರು ಜಿಲ್ಲೆಯ ಈ ತಾಲ್ಲೂಕು ಬರಕ್ಕೆ ಹೆಸರಾದದ್ದು. ಕಡಲೆಕಾಯಿ ಬಿತ್ತಿ, ಬಾರದ ಮಳೆಗೆ ಕಾದು, ಕಡೆಗೆ ಗಂಟು ಕಟ್ಟಿಕೊಂಡು ಬೆಂಗಳೂರಿಗೆ ನಡೆದವರ ಸೀಮೆ. ಇಲ್ಲಿನ ತಿರುಮಣಿ ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2018ರ ಮಾರ್ಚಿನಲ್ಲಿ ಉದ್ಘಾಟನೆಗೊಂಡ ಸೌರ ಉದ್ಯಾನವು 2019ರ ಕೊನೆಗೆ 2,050 ಮೆಗಾವ್ಯಾಟಿಗೆ ಬೆಳೆಯಿತು. ಶರಾವತಿಯ ಮುಖ್ಯ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್. ಆದರೆ ಪಾವಗಡದ ಸ್ಥಾವರ ದುಡಿಯುವುದು ಹಗಲು ಮಾತ್ರ.

ಅಳತೆಗಿಂತ ಇಲ್ಲಿ ಗಮನಿಸತಕ್ಕದ್ದು ಕರಾರಿನ ಬಗೆ. ಸರ್ಕಾರ ರೈತರ ಭೂಮಿಯನ್ನು ಕೊಂಡುಕೊಳ್ಳಲಿಲ್ಲ, ಗೇಣಿಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರ ಏರಿಕೆ. ಪಹಣಿಯಲ್ಲಿ ರೈತನ ಹೆಸರು ಹಾಗೆಯೇ ಉಳಿಯಿತು. ಬೆಳೆಯನ್ನು ಸುಟ್ಟ ಬಿಸಿಲೇ ಬಾಡಿಗೆ ತಂದುಕೊಟ್ಟಿತು. ಶರಾವತಿಯ ಕಾಲಕ್ಕೂ ಈ ಕಾಲಕ್ಕೂ ಇರುವ ಅಂತರ ಇದು.

ಆದರೂ ಲೆಕ್ಕ ಪೂರ್ತಿ ಚುಕ್ತವಾಗಿಲ್ಲ. ಹೊಲವಿದ್ದವರಿಗೆ ಗೇಣಿ ಸಿಕ್ಕಿತು. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂಹೀನರಿಗೆ ಕೆಲಸ ತಪ್ಪಿತು, ಕುರಿ ಮೇಯಿಸುವವರಿಗೆ ಬಯಲು ಬೇಲಿಯೊಳಗೆ ಸೇರಿತು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮಗೆ ಅವರ ಸಂಕಟ ಅರ್ಥವಾಗದ್ದಲ್ಲ. ಅಗ್ಗದ ಬೆಳಕು ನಿಜವಾಗಿ ಅಗ್ಗವೆನಿಸುವುದು, ಅದರ ಬೆಲೆಯನ್ನು ಬಡವನೊಬ್ಬನೇ ತೆರದಿರುವಾಗ. ತಾಯ್ನಾಡಿನ ಹಬ್ಬದಂದು ದೀಪ ಬೆಳಗುವಾಗ ಇಷ್ಟನ್ನು ನೆನೆಯೋಣ.