ಚಳಿಜ್ವರದ ಸಮಾಜಶಾಸ್ತ್ರ

ಮಲೇರಿಯಾ ಹೇಗೆ ಬರುತ್ತದೆ ಎಂಬ ಪ್ರಶ್ನೆಗೆ ವಿಜ್ಞಾನ ಉತ್ತರ ಕೊಟ್ಟು ನೂರು ವರ್ಷಗಳೇ ಕಳೆದಿವೆ. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯೊಳಗೆ ಈ ರೋಗಾಣುವನ್ನು ಪತ್ತೆ ಮಾಡಿದರು. ಸ್ವಾತಂತ್ರ್ಯಾನಂತರ ಭಾರತ ಡಿಡಿಟಿ ಹಿಡಿದು ಸೊಳ್ಳೆಯ ಮೇಲೆ ಯುದ್ಧವನ್ನೇ ಸಾರಿತು. 1960ರ ದಶಕದ ನಡುವಿಗೆ ದೇಶದಲ್ಲಿ ವರ್ಷಕ್ಕೆ ಲಕ್ಷದ ಆಸುಪಾಸಿಗೆ ಇಳಿದಿದ್ದ ಪ್ರಕರಣಗಳು 1976ರಲ್ಲಿ 64 ಲಕ್ಷಕ್ಕೆ ಏರಿದವು. ರೋಗದ ಕಾರಣ ಗೊತ್ತಾದ ಮಾತ್ರಕ್ಕೆ ರೋಗ ಹೋಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ.

ಮಂಗಳೂರಿಗೆ ಈ ಪಾಠ ತಡವಾಗಿ, ಆದರೆ ಬಲವಾಗಿಯೇ ತಟ್ಟಿತು. 1990ರ ದಶಕದ ಆರಂಭದಲ್ಲಿ ನಗರದಲ್ಲಿ ಚಳಿಜ್ವರ ಮತ್ತೆ ತಲೆಯೆತ್ತಿತು. ದಶಕದ ಮಧ್ಯದ ಹೊತ್ತಿಗೆ ಅದು ಮನೆಮಾತಾಗಿತ್ತು. ಕರಾವಳಿಗೆ ಮಳೆ ಹೊಸದಲ್ಲ, ಸೊಳ್ಳೆಯೂ ಹೊಸದಲ್ಲ. ಹಾಗಿದ್ದರೆ ಜ್ವರ ಆಗಲೇ ಏಕೆ ಬಂತು? ಕೆಲವರನ್ನೇ ಮೊದಲು ಏಕೆ ಹಿಡಿಯಿತು? ಅವರಲ್ಲಿ ಕೆಲವರಿಗೆ ಮತ್ತೆ ಮತ್ತೆ ಏಕೆ ಮರುಕಳಿಸಿತು? ಈ ಪ್ರಶ್ನೆಗಳಿಗೆ ಸೂಕ್ಷ್ಮದರ್ಶಕದಲ್ಲಿ ಉತ್ತರವಿಲ್ಲ. ಸಮಾಜಶಾಸ್ತ್ರದ ಕೆಲಸ ಆರಂಭವಾಗುವುದು ಇಲ್ಲಿಂದ.

ಈ ಬಗೆಯ ಚಿಂತನೆಗೆ ತಳಪಾಯ ಹಾಕಿದವರು ಒಬ್ಬ ವೈದ್ಯರೇ. 1848ರಲ್ಲಿ ಪ್ರಷ್ಯ ಸರ್ಕಾರ ಮೇಲಣ ಸೈಲೀಸಿಯಾ ಪ್ರಾಂತ್ಯದಲ್ಲಿ ಹಬ್ಬಿದ್ದ ಟೈಫಸ್ ಜ್ವರದ ತನಿಖೆಗೆ 26 ವರ್ಷದ ರುಡಾಲ್ಫ್ ವಿರ್ಕೋವ್ ಅವರನ್ನು ಕಳುಹಿಸಿತು. ಸರ್ಕಾರ ನಿರೀಕ್ಷಿಸಿದ್ದು ಔಷಧಿಯ ಪಟ್ಟಿಯನ್ನು. ವಿರ್ಕೋವ್ ಬರೆದುಕೊಟ್ಟದ್ದು ಶಿಕ್ಷಣ, ರಸ್ತೆ, ನ್ಯಾಯವಾದ ತೆರಿಗೆ ಮತ್ತು ಪ್ರಜಾಪ್ರಭುತ್ವದ ಪಟ್ಟಿಯನ್ನು. ಹಸಿವು ಮತ್ತು ಅಜ್ಞಾನಗಳಲ್ಲಿ ಮುಳುಗಿಸಿಟ್ಟ ಜನರಲ್ಲಿ ಜ್ವರ ಹಬ್ಬುವುದು ಸಹಜ. ಆದ್ದರಿಂದ ವೈದ್ಯಶಾಸ್ತ್ರ ಮೂಲತಃ ಒಂದು ಸಮಾಜ ವಿಜ್ಞಾನ ಎಂಬುದು ಅವರ ತೀರ್ಮಾನ. ಈಸ್ಟ್ ಇಂಡಿಯಾ ಕಂಪನಿಯ ಆಡಳಿತದಲ್ಲಿ ಮಂಗಳೂರಿನಲ್ಲಿ ಇಂದಿನ ವೆನ್‌ಲಾಕ್ ಆಸ್ಪತ್ರೆ ಆರಂಭವಾದದ್ದೂ ಅದೇ 1848ರಲ್ಲಿ. ಒಂದೆಡೆ ಆಸ್ಪತ್ರೆಯ ಬಾಗಿಲು ತೆರೆಯಿತು. ಇನ್ನೊಂದೆಡೆ ಆಸ್ಪತ್ರೆಯಷ್ಟೇ ಸಾಲದು ಎಂಬ ವಾದ ಹುಟ್ಟಿತು.

ಮಂಗಳೂರಿನ ಮಲೇರಿಯಾವನ್ನು ವಿರ್ಕೋವ್ ಅವರ ಕಣ್ಣಿನಿಂದ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಇಲ್ಲಿ ರೋಗ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಸೊಳ್ಳೆ ಕೊಳಚೆ ನೀರಿನ ಜೀವಿಯಲ್ಲ. ತಾರಸಿಯ ಟ್ಯಾಂಕಿ, ಬಾವಿ, ಬ್ಯಾರೆಲ್, ಹೊಸ ಕಾಂಕ್ರೀಟು ಬಿರಿಯದಂತೆ ಸ್ಲ್ಯಾಬಿನ ಮೇಲೆ ಕಟ್ಟಿ ನಿಲ್ಲಿಸುವ ತಿಳಿನೀರು, ಇವೇ ಅದರ ತೊಟ್ಟಿಲು. ಕೊಲ್ಲಿ ದೇಶಗಳ ದುಡಿಮೆ, ಬ್ಯಾಂಕುಗಳು, ಕಾಲೇಜುಗಳು ಮಂಗಳೂರನ್ನು ಬೆಳೆಸಿದ ದಶಕಗಳಲ್ಲಿ ಹೆಂಚಿನ ಮನೆಗಳಿದ್ದ ಹಿತ್ತಿಲುಗಳಲ್ಲಿ ಬಹುಮಹಡಿ ಕಟ್ಟಡಗಳು ಎದ್ದವು. ಅವನ್ನು ಕಟ್ಟಲು ಬಾಗಲಕೋಟೆ, ಗದಗ, ಕೊಪ್ಪಳ, ರಾಯಚೂರು ಕಡೆಯಿಂದಲೂ, ಮುಂದೆ ಒಡಿಶಾ, ಬಂಗಾಳ, ಬಿಹಾರಗಳಿಂದಲೂ ಕೂಲಿಕಾರರು ಬಂದರು. ಅರ್ಧ ಕಟ್ಟಿದ ಕಟ್ಟಡದಲ್ಲೇ ಅವರ ವಾಸ. ಕಿಟಕಿಗೆ ಬಾಗಿಲಿಲ್ಲ, ಮಲಗಲು ಸೊಳ್ಳೆಪರದೆಯಿಲ್ಲ, ತಲೆಯ ಮೇಲಿನ ಸ್ಲ್ಯಾಬಿನಲ್ಲಿ ನಿಂತ ನೀರು. ನಗರ ಬೆಳೆದ ರೀತಿಯೇ ಸೊಳ್ಳೆಗೆ ನೀರನ್ನೂ ಮನುಷ್ಯರನ್ನೂ ಒಂದೇ ಕಡೆ ಒದಗಿಸಿತು.

‘ಹೊರಗಿನವರು ಜ್ವರ ತಂದರು’ ಎಂಬ ಮಾತು ಊರಲ್ಲಿ ಹುಟ್ಟಿಕೊಳ್ಳುವುದು ಇಂಥ ಸಂದರ್ಭದಲ್ಲಿಯೇ. ಅದು ಅರ್ಧಸತ್ಯ. ರೋಗಾಣು ಮನುಷ್ಯರೊಂದಿಗೆ ಪ್ರಯಾಣ ಮಾಡುವುದು ನಿಜ; ಅದನ್ನು ಹಂಚುವ ಸೊಳ್ಳೆಯನ್ನು ಸಾಕಿದ್ದು ಮಾತ್ರ ಊರಿನದೇ ಟ್ಯಾಂಕಿ, ಊರಿನದೇ ಕಟ್ಟಡ.

ಜ್ವರ ಬಂದ ಮೇಲಿನ ಕಥೆಯೂ ಎಲ್ಲರಿಗೂ ಒಂದೇ ಅಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಟಾಲ್ಕಟ್ ಪಾರ್ಸನ್ಸ್ 1951ರಲ್ಲಿ ರೋಗಿಯಾಗುವುದೂ ಸಮಾಜದಲ್ಲಿ ಒಂದು ಪಾತ್ರ ವಹಿಸಿದಂತೆ ಎಂದು ವಾದಿಸಿದರು. ಆ ಪಾತ್ರಕ್ಕೆ ಎರಡು ಹಕ್ಕುಗಳಿವೆ: ಕಾಯಿಲೆಗೆ ತಾನೇ ಹೊಣೆಯಲ್ಲ ಎಂಬ ಮನ್ನಣೆ ಮತ್ತು ದೈನಂದಿನ ಕೆಲಸದಿಂದ ಬಿಡುವು. ಎರಡು ಕರ್ತವ್ಯಗಳೂ ಇವೆ: ಗುಣವಾಗಲು ಬಯಸುವುದು ಮತ್ತು ತಜ್ಞರ ಮಾತು ಕೇಳುವುದು. ಕಚೇರಿಯ ನೌಕರನಿಗೆ ಈ ಲೆಕ್ಕ ಸರಿಹೊಂದುತ್ತದೆ. ರಜೆ ಅರ್ಜಿ, ವೈದ್ಯರ ಚೀಟಿ, ಮನೆಯಲ್ಲಿ ಗಂಜಿ. ದಿನಗೂಲಿಯವನಿಗೆ ಬಿಡುವು ಎಂದರೆ ಆ ದಿನದ ಸಂಬಳ ಇಲ್ಲ ಎಂದೇ ಅರ್ಥ.

ಇದು ನೇರವಾಗಿ ಔಷಧಿಗೂ ತಾಕುವ ಸಂಗತಿ. ಮಂಗಳೂರಿನಲ್ಲಿ ಹೆಚ್ಚಾಗಿ ಕಾಣುವ ವೈವಾಕ್ಸ್ ಮಲೇರಿಯಾದ ರೋಗಾಣು ಯಕೃತ್ತಿನಲ್ಲಿ ಅಡಗಿ ಕೂರುತ್ತದೆ. ಮೂರು ದಿನದ ಕ್ಲೋರೋಕ್ವಿನ್ ಜ್ವರವನ್ನು ಇಳಿಸುತ್ತದೆ. ಅಡಗಿದ್ದನ್ನು ನಿರ್ಮೂಲ ಮಾಡಲು ಪ್ರೈಮಾಕ್ವಿನ್ ಮಾತ್ರೆಯನ್ನು ಸಾಮಾನ್ಯವಾಗಿ ಹದಿನಾಲ್ಕು ದಿನ ತೆಗೆದುಕೊಳ್ಳಬೇಕು. ಜ್ವರ ಇಳಿದವನು ಕೆಲಸಕ್ಕೆ ಹೋಗುತ್ತಾನೆ, ಕೆಲಸ ಮುಗಿದರೆ ಇನ್ನೊಂದು ಊರಿಗೆ ಹೋಗುತ್ತಾನೆ, ಮಾತ್ರೆ ಅರ್ಧಕ್ಕೆ ನಿಲ್ಲುತ್ತದೆ, ಜ್ವರ ಮರುಕಳಿಸುತ್ತದೆ. ಆಸ್ಪತ್ರೆಯ ಕಡತದಲ್ಲಿ ಇದು ರೋಗಿಯ ನಿರ್ಲಕ್ಷ್ಯ. ಪಾರ್ಸನ್ಸ್ ಅವರ ಸೂತ್ರವನ್ನು ಮುಂದಿಟ್ಟುಕೊಂಡು ನೋಡಿದರೆ, ಇದು ಹಕ್ಕು ಕೊಡದೆ ಕರ್ತವ್ಯವನ್ನಷ್ಟೇ ಕೇಳಿದ್ದರ ಫಲ.

ರೋಗಕ್ಕೆ ಜನ ಕೊಡುವ ಅರ್ಥವೂ ಚಿಕಿತ್ಸೆಯ ಹಾದಿಯನ್ನು ನಿರ್ಧರಿಸುತ್ತದೆ. ದೇಹದಲ್ಲಿ ವೈದ್ಯರು ಗುರುತಿಸುವುದು ರೋಗ; ಮನುಷ್ಯ ಅನುಭವಿಸುವುದು ಅಸೌಖ್ಯ. ಇವೆರಡನ್ನೂ ಬೇರೆ ಬೇರೆಯಾಗಿ ನೋಡಬೇಕೆಂದು ಮನೋವೈದ್ಯ ಹಾಗೂ ಮಾನವಶಾಸ್ತ್ರಜ್ಞ ಆರ್ಥರ್ ಕ್ಲೈನ್‌ಮನ್ 1970ರ ದಶಕದಿಂದ ಹೇಳುತ್ತ ಬಂದರು. ‘ಸೌಖ್ಯ ಇಲ್ಲ’ ಎನ್ನುವ ಕರಾವಳಿಯ ಕನ್ನಡಕ್ಕೆ ಈ ವ್ಯತ್ಯಾಸ ಹೊಸದಲ್ಲ. ತುಳುನಾಡಿನಲ್ಲಿ ಚರ್ಮರೋಗವನ್ನು ನಾಗದೋಷಕ್ಕೆ ಜೋಡಿಸಿದ್ದುಂಟು. ಮಳೆ ಹೊಯ್ಯುವ ಆಟಿ ತಿಂಗಳಲ್ಲಿ ಆಟಿ ಕಳೆಂಜ ಮನೆ ಮನೆಗೆ ಬಂದು ಮಾರಿ ಕಳೆಯುತ್ತಾನೆ. ಆಟಿ ಅಮಾವಾಸ್ಯೆಯಂದು ಬೆಳಕು ಹರಿಯುವ ಮುನ್ನ ಪಾಲೆ ಮರದ ಕೆತ್ತೆ ತಂದು, ಕಹಿ ಕಷಾಯ ಮಾಡಿ, ಮನೆಮಂದಿಯೆಲ್ಲ ಬರಿಹೊಟ್ಟೆಯಲ್ಲಿ ಕುಡಿಯುತ್ತಾರೆ. ಆಮೇಲೆ ಮೆಂತೆ ಗಂಜಿ. ಮಂಗಳೂರಿನಲ್ಲಿ ಮಲೇರಿಯಾ ಏರುವುದೂ ಮಳೆಗಾಲದ ಇದೇ ತಿಂಗಳುಗಳಲ್ಲಿ. ಕಷಾಯ ಮಲೇರಿಯಾಕ್ಕೆ ಮದ್ದಲ್ಲ. ಆದರೆ ರೋಗದ ಕಾಲ ಬಂತು, ಎಲ್ಲರೂ ಒಟ್ಟಾಗಿ ಎಚ್ಚರ ವಹಿಸಬೇಕು ಎಂಬ ಅರಿವು ಆ ಆಚರಣೆಯಲ್ಲಿದೆ. ಅದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವ ಆರೋಗ್ಯ ಕಾರ್ಯಕರ್ತರಿಗಿಂತ, ಆ ಅರಿವಿನ ಜೊತೆ ಟ್ಯಾಂಕಿಯ ಮುಚ್ಚಳವನ್ನೂ ಸೇರಿಸುವವರು ಹೆಚ್ಚು ಸಾಧಿಸಬಲ್ಲರು.

ಅರ್ಥ ಕೆಲವೊಮ್ಮೆ ಕಳಂಕವೂ ಆಗುತ್ತದೆ. ಕಂಕನಾಡಿಯಲ್ಲಿ 1880ರಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯ ತೆರೆದ ಜೆಸ್ವಿಟ್ ಪಾದ್ರಿ ಅಗಸ್ಟಸ್ ಮುಲ್ಲರ್, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯಧಾಮ ಕಟ್ಟಿದರು. ಕುಷ್ಠದ ರೋಗಾಣುವನ್ನು ನಾರ್ವೆಯ ಹ್ಯಾನ್ಸನ್ 1873ರಲ್ಲೇ ಕಂಡುಹಿಡಿದಿದ್ದರು. ಆದರೂ 1898ರ ಕುಷ್ಠರೋಗಿಗಳ ಕಾಯ್ದೆ ಹಿಡಿದು ಕೂಡಿಹಾಕಲು ಅನುಮತಿ ಕೊಟ್ಟದ್ದು ಭಿಕ್ಷೆ ಬೇಡುವ ನಿರ್ಗತಿಕ ರೋಗಿಯನ್ನು. ರೋಗಾಣು ಒಂದೇ, ಕಾನೂನು ಮಾತ್ರ ಬಡವನಿಗೆ ಬೇರೆ. ಕಳಂಕ ಇರುವುದು ದೇಹದ ಗುರುತಿನಲ್ಲಲ್ಲ, ಅದನ್ನು ನೋಡುವವರ ಸಂಬಂಧದಲ್ಲಿ ಎಂದು ಅರ್ವಿಂಗ್ ಗಾಫ್‌ಮನ್ 1963ರಲ್ಲಿ ಬರೆದರು. 1980ರ ದಶಕದಲ್ಲಿ ಬಹುಔಷಧ ಚಿಕಿತ್ಸೆ ಕುಷ್ಠವನ್ನು ಪೂರ್ಣ ಗುಣವಾಗುವ ಕಾಯಿಲೆಯಾಗಿಸಿತು. ಆ ಕಾಯ್ದೆ ರದ್ದಾಗಲು 2016 ಬರಬೇಕಾಯಿತು. ಕುಷ್ಠ ವಿವಾಹ ವಿಚ್ಛೇದನಕ್ಕೆ ಕಾರಣವಾಗುವುದು ನಿಲ್ಲಲು 2019.

ಕೊನೆಯ ಪ್ರಶ್ನೆ ಚಿಕಿತ್ಸೆ ಯಾರಿಗೆ ಎಂಬುದು. ವೇಲ್ಸ್‌ನ ಗಣಿ ಹಳ್ಳಿಯ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ಒಂದು ವಿಪರೀತ ನಿಯಮವನ್ನು ಗುರುತಿಸಿದರು: ಚಿಕಿತ್ಸೆ ಹೆಚ್ಚು ಬೇಕಾದ ಕಡೆ ಕಡಿಮೆ ದೊರೆಯುತ್ತದೆ, ಆರೋಗ್ಯ ಮಾರುಕಟ್ಟೆಯ ಕೈಗೆ ಹೋದಷ್ಟೂ ಈ ಅಂತರ ಹಿಗ್ಗುತ್ತದೆ. ಮಂಗಳೂರಿನಲ್ಲಿ 1955ರಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜು ನೆಲೆಯೂರಿದ ಮೇಲೆ ನಗರ ಮತ್ತು ಆಸುಪಾಸಿನಲ್ಲಿ ಒಂದರ ಹಿಂದೆ ಒಂದು ವೈದ್ಯಕೀಯ ಕಾಲೇಜು ಹುಟ್ಟಿತು. 1956ರವರೆಗೆ ಇದೇ ಜಿಲ್ಲೆಯ ಭಾಗವಾಗಿದ್ದ ಕಾಸರಗೋಡು, ಕೇರಳಕ್ಕೆ ಸೇರಿದ ಮೇಲೂ ಆಸ್ಪತ್ರೆಗೆ ಮಂಗಳೂರನ್ನೇ ನೆಚ್ಚಿಕೊಂಡಿತು. 2020ರ ಮಾರ್ಚ್‌ನಲ್ಲಿ ಕೋವಿಡ್ ಭೀತಿಯಿಂದ ತಲಪಾಡಿಯ ಗಡಿ ಮುಚ್ಚಿದಾಗ ಆಂಬುಲೆನ್ಸ್‌ಗಳು ಹಿಂದಿರುಗಬೇಕಾಯಿತು. ಕೋವಿಡ್ ಅಲ್ಲದ ಕಾಯಿಲೆಯ ಹಲವರು ಚಿಕಿತ್ಸೆ ಸಿಗದೆ ತೀರಿಕೊಂಡರು. ವಿಷಯ ಕೇರಳ ಹೈಕೋರ್ಟು, ಸುಪ್ರೀಂ ಕೋರ್ಟುಗಳ ಮೆಟ್ಟಿಲೇರಿದ ನಂತರ ಏಪ್ರಿಲ್‌ನಲ್ಲಿ ರೋಗಿಗಳಿಗೆ ದಾರಿ ತೆರೆಯಿತು. ವೈದ್ಯರು, ಯಂತ್ರಗಳು, ಔಷಧಿ ಎಲ್ಲವೂ ಕೆಲವೇ ಮೈಲಿ ದೂರದಲ್ಲಿದ್ದವು.

ಸಮಾಜಶಾಸ್ತ್ರ ಔಷಧಿಗೆ ಬದಲಿಯಲ್ಲ. ರೋಗಾಣು ಸಿದ್ಧಾಂತವನ್ನು ಒಪ್ಪಲು ಸ್ವತಃ ವಿರ್ಕೋವ್ ಹಿಂಜರಿದಿದ್ದರು. ಅದು ಅವರ ದೃಷ್ಟಿಯ ಮಿತಿ. ಎರಡೂ ಅರಿವು ಕೂಡಿದಾಗ ಏನಾಗುತ್ತದೆ ಎಂಬುದಕ್ಕೂ ಮಂಗಳೂರೇ ಉದಾಹರಣೆ. 2015ರಿಂದ ನಗರದಲ್ಲಿ ಪ್ರತಿ ಮಲೇರಿಯಾ ಪ್ರಕರಣವನ್ನೂ ಟ್ಯಾಬ್ಲೆಟ್ ಕಂಪ್ಯೂಟರಿನಲ್ಲಿ ಸ್ಥಳಸಹಿತ ದಾಖಲಿಸಿ, ಕಾರ್ಯಕರ್ತರು ರೋಗಿ ಇರುವಲ್ಲಿಗೇ ಹೋಗಿ ರಕ್ತ ಪರೀಕ್ಷೆ, ಮಾತ್ರೆ ಮತ್ತು ನಿಂತ ನೀರನ್ನು ಒಟ್ಟಿಗೆ ವಿಚಾರಿಸುವ ವ್ಯವಸ್ಥೆ ಬಂತು. ನಂತರದ ವರ್ಷಗಳಲ್ಲಿ ಪ್ರಕರಣಗಳು ಬಹುವಾಗಿ ಇಳಿದವು. ಮಾತ್ರೆ ಹಳೆಯದೇ, ಸೊಳ್ಳೆಯೂ ಹಳೆಯದೇ. ರೋಗಿ ಆಸ್ಪತ್ರೆಗೆ ಬರಲಿ ಎಂದು ಕಾಯುವ ಬದಲು ಅವನು ಮಲಗುವ ಜಾಗ ಯಾವುದು ಎಂದು ಹುಡುಕಿ ಹೋದದ್ದು ಹೊಸದು.