ಕ್ವಿಬೆಕ್ ಜನಮತಗಣನೆಗಳು

ಕೆನಡಾ ಒಕ್ಕೂಟದಿಂದ ಫ್ರೆಂಚ್ ಭಾಷಿಕರ ಕ್ವಿಬೆಕ್ ಪ್ರಾಂತ್ಯ ಬೇರ್ಪಡುವ ಪ್ರಶ್ನೆಯ ಮೇಲೆ 1980 ಮತ್ತು 1995ರಲ್ಲಿ ನಡೆದ ಮತದಾನಗಳು. ಎರಡರಲ್ಲೂ ಪ್ರತ್ಯೇಕತಾವಾದಿಗಳು ಸೋತರು.

ಪ್ರಾಂತ್ಯದಲ್ಲಿ ಫ್ರೆಂಚರೇ ಬಹುಸಂಖ್ಯಾತರಾದರೂ ಮಾಂಟ್ರಿಯಲ್‌ನ ದೊಡ್ಡ ವ್ಯಾಪಾರ ಬಹುಕಾಲ ಇಂಗ್ಲಿಷ್ ಭಾಷಿಕರ ಕೈಯಲ್ಲಿತ್ತು. ಈ ಅಸಮಾಧಾನಕ್ಕೆ ರಾಜಕೀಯ ರೂಪ ಕೊಟ್ಟವರಲ್ಲಿ ರೆನೆ ಲೆವೆಕ್ ಮುಖ್ಯರು. ಅವರು 1968ರಲ್ಲಿ ಕಟ್ಟಿದ ಪಾರ್ಟಿ ಕೆಬೆಕ್ವಾ ಪಕ್ಷ 1976ರಲ್ಲಿ ಅಧಿಕಾರಕ್ಕೆ ಬಂತು. 1980ರ ಮೇ 20ರಂದು ಲೆವೆಕ್ ಜನರ ಮುಂದಿಟ್ಟದ್ದು ಸ್ವಾತಂತ್ರ್ಯವನ್ನಲ್ಲ. ಸಾರ್ವಭೌಮತ್ವ ತಮ್ಮದು, ಆರ್ಥಿಕ ಸಂಬಂಧ ಕೆನಡಾದೊಂದಿಗೆ ಎಂಬ ಏರ್ಪಾಡಿಗಾಗಿ ಮಾತುಕತೆ ನಡೆಸಲು ಅನುಮತಿಯನ್ನು ಮಾತ್ರ. ಅದನ್ನೂ ಸುಮಾರು ಶೇ. 60 ಮಂದಿ ನಿರಾಕರಿಸಿದರು.

ಗೆದ್ದ ಒಕ್ಕೂಟವೇ ಮುಂದೆ ಗಾಯವನ್ನು ಕೆದಕಿತು. ಕ್ವಿಬೆಕ್ ಸರ್ಕಾರದ ಸಮ್ಮತಿಯಿಲ್ಲದೆ 1982ರಲ್ಲಿ ಹೊಸ ಸಂವಿಧಾನ ಕಾಯಿದೆ ಜಾರಿಯಾಯಿತು. ಆ ಮುನಿಸನ್ನು ಶಮನಗೊಳಿಸಬೇಕಿದ್ದ ಮೀಚ್ ಲೇಕ್ ಒಪ್ಪಂದ 1990ರಲ್ಲಿ ಬಿದ್ದುಹೋಯಿತು.

1995ರ ಅಕ್ಟೋಬರ್ 30ರ ಮತದಾನ ದೇಶದ ಉಸಿರು ಬಿಗಿಹಿಡಿಸಿತು. ಮತ ಹಾಕಿದವರು ಶೇ. 93ಕ್ಕೂ ಹೆಚ್ಚು. ಒಕ್ಕೂಟದ ಪರ ಶೇ. 50.58, ವಿರುದ್ಧ ಶೇ. 49.42; ಅಂತರ 54,288 ಮತ. ತಿರಸ್ಕೃತ ಮತಪತ್ರಗಳೇ ಇದಕ್ಕಿಂತ ಹೆಚ್ಚಿದ್ದವು. ಸೋಲಿಗೆ ಹಣವೂ ವಲಸಿಗ ಸಮುದಾಯಗಳ ಮತಗಳೂ ಕಾರಣವೆಂದು ಆ ರಾತ್ರಿ ದೂರಿದ ಪ್ರಾಂತ್ಯದ ಪ್ರಧಾನಿ ಜಾಕ್ ಪಾರಿಜೋ ಮರುದಿನವೇ ರಾಜೀನಾಮೆ ಪ್ರಕಟಿಸಿದರು. ಯಾರನ್ನು ತಮ್ಮ ಜನವೆಂದು ಎಣಿಸಿದ್ದರೆಂಬುದು ಆ ಮಾತಿನಲ್ಲೇ ಬಯಲಾಗಿತ್ತು. ಉತ್ತರದ ಕ್ರೀ ಆದಿವಾಸಿಗಳು ಇದಕ್ಕೂ ಮೊದಲೇ ತಮ್ಮದೇ ಮತದಾನ ನಡೆಸಿ, ಕ್ವಿಬೆಕ್ ಜೊತೆ ತಾವು ಕೆನಡಾ ಬಿಡುವುದಿಲ್ಲವೆಂದು ಶೇ. 96ರಷ್ಟು ಬಹುಮತದಿಂದ ಸಾರಿದ್ದರು. ಕೆನಡಾವನ್ನು ಒಡೆಯಬಹುದಾದರೆ ಕ್ವಿಬೆಕ್ಕನ್ನೇಕೆ ಒಡೆಯಬಾರದು ಎಂಬ ಈ ಸವಾಲಿಗೆ ಪ್ರತ್ಯೇಕತಾವಾದಿಗಳಲ್ಲಿ ತೃಪ್ತಿಕರ ಉತ್ತರವಿರಲಿಲ್ಲ.

1998ರಲ್ಲಿ ಸುಪ್ರೀಂ ಕೋರ್ಟ್ ಎರಡು ಕಡೆಯವರನ್ನೂ ಕಟ್ಟಿಹಾಕಿತು: ಏಕಪಕ್ಷೀಯವಾಗಿ ಬೇರ್ಪಡುವ ಹಕ್ಕು ಕ್ವಿಬೆಕ್‌ಗಿಲ್ಲ; ಆದರೆ ಸ್ಪಷ್ಟ ಪ್ರಶ್ನೆಗೆ ಸ್ಪಷ್ಟ ಬಹುಮತದ ಒಪ್ಪಿಗೆ ಸಿಕ್ಕರೆ ಉಳಿದ ಕೆನಡಾ ಮಾತುಕತೆಗೆ ಕೂರಲೇಬೇಕು. ಪ್ರಶ್ನೆಯೂ ಬಹುಮತವೂ ಸ್ಪಷ್ಟವೇ ಎಂದು ನಿರ್ಣಯಿಸುವ ಅಧಿಕಾರವನ್ನು 2000ದ ಕಾಯಿದೆ ಕೆನಡಾ ಸಂಸತ್ತಿನ ಕೆಳಮನೆಗೆ ಕೊಟ್ಟಿತು. 2006ರಲ್ಲಿ ಅದೇ ಸದನ, ಕ್ವಿಬೆಕ್ ಜನ ಅಖಂಡ ಕೆನಡಾದೊಳಗಿನ ಒಂದು ರಾಷ್ಟ್ರವೆಂದು ಅಂಗೀಕರಿಸಿತು. ಸ್ಪಷ್ಟ ಬಹುಮತವೆಂದರೆ ಶೇಕಡಾ ಎಷ್ಟು ಎಂಬುದನ್ನು ಮಾತ್ರ ತೀರ್ಪೂ ಹೇಳಿಲ್ಲ, ಕಾಯಿದೆಯೂ ಹೇಳಿಲ್ಲ.